ಸ್ಪ್ಯಾಮ್ ತಡೆಗೆ ಯಾವ ಫಿಲ್ಟರ್ ಸರಿ? ಇನ್‌ಬಾಕ್ಸ್ ಚೊಕ್ಕಟವಾಗಿಡುವ ದಾರಿಗಳ ಹೋಲಿಕೆ

ಸ್ಪ್ಯಾಮ್ ಫಿಲ್ಟರ್ ಆರಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು, ಅದು ಎಷ್ಟು ಕಸವನ್ನು ಹಿಡಿಯುತ್ತದೆ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಬೇಕಾದ ಪತ್ರವೊಂದನ್ನು ಅದು ತಪ್ಪಾಗಿ ಹಿಡಿದಿಟ್ಟರೆ ನನಗೆ ಗೊತ್ತಾಗುವುದು ಹೇಗೆ, ಆ ಪತ್ರವನ್ನು ಮರಳಿ ಪಡೆಯಲು ನನಗೆ ಎಷ್ಟು ಸಮಯ ಉಳಿದಿರುತ್ತದೆ? ಇನ್‌ಬಾಕ್ಸಿಗೆ ನುಸುಳಿದ ನಾಲ್ಕಾರು ಜಾಹೀರಾತುಗಳನ್ನು ಅಳಿಸಲು ಅರ್ಧ ನಿಮಿಷ ಸಾಕು. ಸ್ಪ್ಯಾಮ್ ಫೋಲ್ಡರಿನಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತು, ಅವಧಿ ಮುಗಿದ ಮೇಲೆ ತಾನಾಗಿಯೇ ಅಳಿಸಿಹೋದ ಸಂದರ್ಶನದ ಕರೆಯನ್ನು ಮಾತ್ರ ಯಾರೂ ತಂದುಕೊಡಲಾರರು. ಹೀಗಾಗಿ ಕೆಳಗಿನ ಆಯ್ಕೆಗಳನ್ನೆಲ್ಲ ನಾನು ಮುಖ್ಯವಾಗಿ ಈ ಎರಡನೆಯ ಪ್ರಶ್ನೆಯನ್ನಿಟ್ಟುಕೊಂಡೇ ತೂಗಿದ್ದೇನೆ.

ಈ ಪಿಡುಗು ಹೊಸದಲ್ಲ. 1978ರ ಮೇ 3ರಂದು ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥುರ್ಕ್ ಇಂಟರ್ನೆಟ್ಟಿಗೂ ಮೊದಲಿನ ಅರ್ಪಾನೆಟ್ ಜಾಲದಲ್ಲಿದ್ದ ಸುಮಾರು 400 ಜನರಿಗೆ ತಮ್ಮ ಯಂತ್ರಗಳ ಜಾಹೀರಾತನ್ನು ಒಟ್ಟಿಗೇ ಕಳುಹಿಸಿದಾಗಲೇ ಇದರ ಮೂಲ ಕಾರಣ ಎದ್ದು ಕಂಡಿತ್ತು. ಒಂದು ಪತ್ರಕ್ಕೂ ಸಾವಿರ ಪತ್ರಕ್ಕೂ ಕಳುಹಿಸುವವನ ಖರ್ಚು ಹೆಚ್ಚುಕಡಿಮೆ ಒಂದೇ. ಓದಿ, ಬೇರ್ಪಡಿಸಿ, ಅಳಿಸುವ ಹೊರೆಯೆಲ್ಲ ಪಡೆಯುವವನದು. ಭಾರತದಲ್ಲಿ ಬೇಡದ ಎಸ್ಎಂಎಸ್ ಮತ್ತು ಕರೆಗಳ ಮೇಲೆ ಟ್ರಾಯ್ 2018ರಲ್ಲಿ ರೂಪಿಸಿದ ನಿಯಮಾವಳಿಯ ಹಿಡಿತವಿದೆ. ಆದರೆ ಇಮೇಲ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಇಮೇಲ್ ವಿಷಯದಲ್ಲಿ ನಮ್ಮ ಕಾವಲನ್ನು ಬಹುಮಟ್ಟಿಗೆ ನಾವೇ ಕಟ್ಟಿಕೊಳ್ಳಬೇಕು.

ಸೇವೆಯ ಜೊತೆಗೇ ಬರುವ ಫಿಲ್ಟರ್

ಜಿಮೇಲ್, ಔಟ್‌ಲುಕ್, ಯಾಹೂ, ಜೋಹೊ ಮೊದಲಾದ ಸೇವೆಗಳಲ್ಲಿ ನಾವು ಏನೂ ಮಾಡದಿದ್ದರೂ ಒಂದು ಫಿಲ್ಟರ್ ಕೆಲಸ ಮಾಡುತ್ತಲೇ ಇರುತ್ತದೆ. ಕೋಟಿಗಟ್ಟಲೆ ಖಾತೆಗಳಿಗೆ ಬರುವ ಪತ್ರಗಳನ್ನು ಒಟ್ಟಾಗಿ ನೋಡುವ ಅನುಕೂಲ ಇವುಗಳಿಗಿದೆ. ಒಂದೇ ಸರ್ವರಿನಿಂದ ಒಂದೇ ಬಗೆಯ ಪತ್ರ ಲಕ್ಷಾಂತರ ಜನರಿಗೆ ಹೋಗುತ್ತಿರುವುದನ್ನು ಅವು ಕ್ಷಣದಲ್ಲಿ ಗುರುತಿಸಬಲ್ಲವು. ಮನೆಯ ಕಂಪ್ಯೂಟರಿನಲ್ಲಿ ಕುಳಿತ ಯಾವ ಫಿಲ್ಟರಿಗೂ ಆ ಶಕ್ತಿ ಇಲ್ಲ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಇನ್ನಷ್ಟು ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವ ಸಂಸ್ಥೆಗಳು ತಮ್ಮ ಡೊಮೇನಿಗೆ (ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಹೆಸರಿಗೆ) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ಅಲ್ಲಿಂದಲೇ ಬಂದದ್ದೆಂದು ಖಚಿತಪಡಿಸುವ ಮೂರೂ ದೃಢೀಕರಣಗಳನ್ನು ಹೊಂದಿರಬೇಕು, ಜಾಹೀರಾತು ಪತ್ರಗಳಲ್ಲಿ ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗುವ ಸೌಲಭ್ಯ ಕೊಡಬೇಕು, ಸ್ಪ್ಯಾಮ್ ಎಂಬ ದೂರುಗಳ ಪ್ರಮಾಣ ಶೇ 0.3ನ್ನು ಮುಟ್ಟದಂತೆ ನೋಡಿಕೊಳ್ಳಬೇಕು.

ಈ ನಿಯಮದಿಂದ ಓದುಗರ ಕೈಗೆ ಬಂದ ಅಧಿಕಾರವನ್ನು ಬಹಳ ಮಂದಿ ಬಳಸಿಕೊಳ್ಳುತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಬೇಡದ ಪತ್ರವನ್ನು ಸುಮ್ಮನೆ ಅಳಿಸಿದರೆ ಫಿಲ್ಟರ್ ಕಲಿಯುವುದು ಏನೂ ಇಲ್ಲ; ‘ರಿಪೋರ್ಟ್ ಸ್ಪ್ಯಾಮ್’ ಒತ್ತಿದರೆ ಕಳುಹಿಸಿದವರ ಲೆಕ್ಕಕ್ಕೆ ಒಂದು ದೂರು ಸೇರುತ್ತದೆ. ಹಾಗೆಂದು ನಾವೇ ಹಿಂದೊಮ್ಮೆ ಒಪ್ಪಿಗೆ ಕೊಟ್ಟಿದ್ದ ಅಂಗಡಿಯ ಅಥವಾ ಪತ್ರಿಕೆಯ ಪತ್ರವನ್ನು ಸ್ಪ್ಯಾಮ್ ಎಂದು ದೂರುವುದು ನ್ಯಾಯವಲ್ಲ; ಅಲ್ಲಿ ಅನ್‌ಸಬ್‌ಸ್ಕ್ರೈಬ್ ಮಾಡುವುದೇ ಸರಿ. ಯಾರೆಂದೇ ಗೊತ್ತಿಲ್ಲದವರ ಪತ್ರದೊಳಗಿನ ಅನ್‌ಸಬ್‌ಸ್ಕ್ರೈಬ್ ಕೊಂಡಿಯನ್ನು ಮಾತ್ರ ಒತ್ತಬಾರದು, ಏಕೆಂದರೆ ಈ ವಿಳಾಸದಲ್ಲಿ ಒಬ್ಬರು ಕುಳಿತು ಓದುತ್ತಿದ್ದಾರೆ ಎಂಬ ಖಾತರಿಯನ್ನು ನಾವೇ ಅವರಿಗೆ ಕೊಟ್ಟಂತಾಗುತ್ತದೆ.

ಇದರ ಕೊರತೆ ಒಂದೇ, ಆದರೆ ದೊಡ್ಡದು. ಎಲ್ಲರಿಗೂ ಸ್ಪ್ಯಾಮ್ ಆದದ್ದು ನಿಮಗೂ ಸ್ಪ್ಯಾಮ್ ಎಂಬ ಊಹೆಯ ಮೇಲೆ ಇದು ನಡೆಯುತ್ತದೆ. ಜಿಮೇಲ್ ಸ್ಪ್ಯಾಮ್ ಫೋಲ್ಡರಿನಲ್ಲಿರುವುದನ್ನು 30 ದಿನಗಳ ನಂತರ ತಾನೇ ಅಳಿಸುತ್ತದೆ. ವಾರಕ್ಕೊಮ್ಮೆ ಆ ಫೋಲ್ಡರನ್ನು ತೆರೆದು ವಿಷಯದ ಸಾಲುಗಳ ಮೇಲೆ ಕಣ್ಣಾಡಿಸುವ ಅಭ್ಯಾಸವಿದ್ದರೆ ಈ ಅವಧಿ ಧಾರಾಳವಾಯಿತು, ಇಲ್ಲದಿದ್ದರೆ ಅದು ಸದ್ದಿಲ್ಲದೆ ಕಳೆದುಹೋಗುತ್ತದೆ. ಒಂದೇ ಒಂದು ವೈಯಕ್ತಿಕ ಖಾತೆ ಇರುವವರಿಗೆ ಈ ಫಿಲ್ಟರ್ ಮತ್ತು ಈ ವಾರದ ಅಭ್ಯಾಸ, ಇವೆರಡೇ ಮುಕ್ಕಾಲು ಕೆಲಸವನ್ನು ಮುಗಿಸುತ್ತವೆ.

ನಾವೇ ಬರೆಯುವ ನಿಯಮಗಳು

ಉಳಿದ ಕಾಲು ಭಾಗಕ್ಕೆ ನಮ್ಮದೇ ನಿಯಮಗಳು ಬೇಕು. ಜಿಮೇಲಿನಲ್ಲಿ ಇವನ್ನು ಬರೆಯಲು ಬ್ರೌಸರಿನಲ್ಲಿ ಸೆಟ್ಟಿಂಗ್ಸ್ ತೆರೆದು ಫಿಲ್ಟರ್‌ಗಳ ಪುಟಕ್ಕೆ ಹೋಗಬೇಕು. ಫೋನಿನ ಆ್ಯಪಿನಲ್ಲಿ ಆ ಅವಕಾಶವಿಲ್ಲ, ಆದರೆ ಒಮ್ಮೆ ಬರೆದಿಟ್ಟ ನಿಯಮ ಸರ್ವರಿನಲ್ಲೇ ನಡೆಯುವುದರಿಂದ ಅದರ ಫಲ ಫೋನಿನಲ್ಲೂ ಕಾಣುತ್ತದೆ. ಔಟ್‌ಲುಕ್‌ನಲ್ಲಿ ‘ರೂಲ್ಸ್’ ಎಂಬ ಹೆಸರಿನಲ್ಲಿ ಇದೇ ಸೌಲಭ್ಯವಿದೆ. ಫಾಸ್ಟ್‌ಮೇಲ್, ಪ್ರೋಟಾನ್ ಮೇಲ್‌ನಂಥ ಸೇವೆಗಳು ಸೀವ್ ಎಂಬ ಪುಟ್ಟ ಭಾಷೆಯಲ್ಲೂ ನಿಯಮ ಬರೆಯಲು ಬಿಡುತ್ತವೆ. ಇದು ಎಲ್ಲರೂ ಒಪ್ಪಿದ ಮಾನಕವಾದ್ದರಿಂದ ನಾಳೆ ಸೇವೆಯನ್ನು ಬದಲಿಸಿದರೂ ಬರೆದ ನಿಯಮಗಳಲ್ಲಿ ಹೆಚ್ಚಿನವು ಜೊತೆಗೇ ಬರುತ್ತವೆ.

ಬಹಳ ಜನ ಮೊದಲು ಬರೆಯುವ ನಿಯಮ, ಕಳುಹಿಸಿದವರ ವಿಳಾಸವನ್ನು ಬ್ಲಾಕ್ ಮಾಡುವುದು. ಪ್ರತಿ ಬಾರಿಯೂ ಹೊಸ ವಿಳಾಸದಿಂದ ಬರುವ ಸ್ಪ್ಯಾಮಿಗೆ ಇದರಿಂದ ಏನೂ ಆಗುವುದಿಲ್ಲ. ಎರಡನೆಯದಾಗಿ ಬರೆಯುವುದು, ‘ಲಾಟರಿ’, ‘ಲೋನ್’, ‘ಇನ್‌ವಾಯ್ಸ್’ ಮುಂತಾದ ಪದ ಕಂಡರೆ ಅಳಿಸಿಬಿಡು ಎಂಬ ನಿಯಮ. ಇದು ಅಪಾಯಕಾರಿ. ಗೃಹಸಾಲ ತೀರಿಸುತ್ತಿರುವವರ ಬ್ಯಾಂಕಿನ ಪತ್ರದಲ್ಲೂ ಅಂಗಡಿಯವರು ಕಳುಹಿಸುವ ನಿಜವಾದ ಬಿಲ್ಲಿನಲ್ಲೂ ಇವೇ ಪದಗಳಿರುತ್ತವೆ. ನಿಯಮಗಳಿಗೆ ಒಪ್ಪಿಸಬೇಕಾದ ಕೆಲಸ ಅಳಿಸುವುದಲ್ಲ, ವಿಂಗಡಿಸುವುದು. ಬೇಕಾದವರ ಪತ್ರಗಳಿಗೆ ಲೇಬಲ್ ಅಂಟಿಸಿ ‘ಎಂದಿಗೂ ಸ್ಪ್ಯಾಮಿಗೆ ಕಳುಹಿಸಬೇಡ’ ಎಂಬ ಆಯ್ಕೆಗೆ ಗುರುತು ಹಾಕುವುದು, ಜಾಹೀರಾತುಗಳನ್ನು ಇನ್‌ಬಾಕ್ಸ್ ದಾಟಿಸಿ ಬೇರೆ ಫೋಲ್ಡರಿಗೆ ಸಾಗಿಸುವುದು, ಇಂಥವು ಉಪಯುಕ್ತ. ನಿಯಮ ತಪ್ಪಿದರೂ ಪತ್ರ ಎಲ್ಲೋ ಒಂದು ಕಡೆ ಉಳಿದಿರುತ್ತದೆ.

ಕನ್ನಡದಲ್ಲಿ ಪತ್ರವ್ಯವಹಾರ ಮಾಡುವವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಲೇಬೇಕು. ಜಿಮೇಲ್ ಫಿಲ್ಟರ್ ಹುಡುಕುವುದು ಇಡೀ ಪದವನ್ನು, ಪದದ ತುಂಡನ್ನಲ್ಲ. ನಮ್ಮ ಪದಗಳಾದರೋ ವಿಭಕ್ತಿ ಹತ್ತಿದೊಡನೆ ರೂಪ ಬದಲಿಸುತ್ತವೆ. ‘ಹಸ್ತಪ್ರತಿ’ ಎಂದು ನಿಯಮ ಬರೆದಿಟ್ಟರೆ ‘ಹಸ್ತಪ್ರತಿಯನ್ನು ಲಗತ್ತಿಸಿದ್ದೇನೆ’ ಎಂಬ ಪತ್ರ ಅದಕ್ಕೆ ಸಿಗದೆ ಹೋಗಬಹುದು. ಥಂಡರ್‌ಬರ್ಡ್ (ಕಂಪ್ಯೂಟರಿನಲ್ಲಿ ಅಂಚೆ ಓದುವ ತಂತ್ರಾಂಶ) ಮತ್ತು ಸೀವ್ ನಿಯಮಗಳಲ್ಲಿರುವ ‘ಒಳಗೊಂಡಿದೆ’ ಎಂಬ ಪರೀಕ್ಷೆ ಅಕ್ಷರಗಳ ಸರಣಿಯನ್ನೇ ಹುಡುಕುವುದರಿಂದ ‘ಹಸ್ತಪ್ರತಿ’ ಎಂಬ ಒಂದೇ ನಿಯಮ ಅದರ ಎಲ್ಲ ವಿಭಕ್ತಿ ರೂಪಗಳನ್ನೂ ಹಿಡಿಯುತ್ತದೆ. ಅಲ್ಲಿಯೂ ಒಂದು ತೊಡಕಿದೆ. ‘ಇಮೇಲ್‌ಗಳು’ ಎಂಬಂಥ ಪದದಲ್ಲಿ ಅರ್ಧಾಕ್ಷರವನ್ನು ಒತ್ತಕ್ಷರವಾಗದಂತೆ ತಡೆಯಲು ಕೀಲಿಮಣೆ ಸೇರಿಸುವ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಪದದ ನಡುವೆ ಆ ಚಿಹ್ನೆ ಇರುವ ಬರಹ ಮತ್ತು ಇಲ್ಲದ ಬರಹ ಯಂತ್ರದ ಪಾಲಿಗೆ ಬೇರೆ ಬೇರೆ. ಆದ್ದರಿಂದ ನಿಯಮಕ್ಕೆ ಆರಿಸುವ ಪದ ಇಂಥ ಜೋಡಣೆಯಿಲ್ಲದ ಸರಳ ಪದವಾಗಿದ್ದಷ್ಟೂ ಒಳ್ಳೆಯದು. ಇನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿ ಪತ್ರದೊಳಗೆ ಅಂಟಿಸಿದ ಬರಹವಂತೂ ಫಿಲ್ಟರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ನಾನು ಅಂಚೆ ನೋಡಿಕೊಳ್ಳುವ ಪುಟ್ಟ ಪ್ರಕಾಶನವೊಂದಕ್ಕೆ ಹಿರಿಯ ಲೇಖಕರು ಕಳುಹಿಸುವ ಪತ್ರಗಳು ಸ್ಪ್ಯಾಮ್ ಫೋಲ್ಡರಿನಲ್ಲಿ ಸಿಗುತ್ತಿದ್ದುದು ಹೆಚ್ಚಾಗಿ ಹೀಗೆಯೇ: ಹೊಸ ವಿಳಾಸ, ಖಾಲಿ ವಿಷಯದ ಸಾಲು, ಓದಲಾಗದ ಅಕ್ಷರಗಳು, ಜೊತೆಗೊಂದು ದೊಡ್ಡ ಲಗತ್ತು. ಆ ನಾಲ್ಕೂ ಲಕ್ಷಣಗಳು ಸ್ಪ್ಯಾಮಿನವೇ ಆದ್ದರಿಂದ ಫಿಲ್ಟರನ್ನು ದೂರುವಂತಿಲ್ಲ. ವಿಷಯದ ಸಾಲಿನಲ್ಲಿ ಪುಸ್ತಕದ ಹೆಸರನ್ನು ಯೂನಿಕೋಡ್ ಕನ್ನಡದಲ್ಲಿ ಬರೆಯಿರಿ ಎಂದು ಲೇಖಕರನ್ನು ಕೇಳಿಕೊಂಡದ್ದು ಯಾವ ತಂತ್ರಾಂಶಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂತು.

ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಪತ್ರಗಳ ವಿಷಯದಲ್ಲಿ ನಿಯಮ ಬರೆಯಲು ಈಗ ಒಂದು ಗಟ್ಟಿ ಆಧಾರ ಸಿಕ್ಕಿದೆ. ಭಾರತದ ಬ್ಯಾಂಕುಗಳು ತಮ್ಮ ಡೊಮೇನುಗಳನ್ನು 2025ರ ಅಕ್ಟೋಬರ್ 31ರ ಒಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಅಂತ್ಯಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು, ಮತ್ತು ಈ ಹೆಸರುಗಳನ್ನು ನೋಂದಾಯಿಸಿಕೊಡುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದಕ್ಕೇ ಇದೆ. ನಿಮ್ಮ ಬ್ಯಾಂಕಿನ ಪತ್ರಗಳು ಈ ಅಂತ್ಯದ ವಿಳಾಸದಿಂದ ಬರುತ್ತಿವೆಯೇ ಎಂದು ಮೊದಲು ನೋಡಿಕೊಂಡು, ಬರುತ್ತಿದ್ದರೆ ಅವಕ್ಕೆ ಒಂದು ಲೇಬಲ್ ಕೊಡಿ. ಆ ಲೇಬಲ್ ಇಲ್ಲದೆ ಬ್ಯಾಂಕಿನ ಹೆಸರು ಹೇಳಿಕೊಂಡು ಬಂದ ಪತ್ರ ಕೂಡಲೇ ಕಣ್ಣಿಗೆ ಬೀಳುತ್ತದೆ. ವಿಳಾಸ ಆ ಅಕ್ಷರಗಳಲ್ಲಿ ಮುಗಿಯಬೇಕು ಎಂಬುದು ಮುಖ್ಯ. ಅದರ ನಂತರ ಇನ್ನೊಂದು ಚುಕ್ಕಿ, ಇನ್ನೊಂದು ಹೆಸರು ಇದ್ದರೆ ಅದು ಬೇರೆ ಯಾರದೋ ಡೊಮೇನು.

‘ಇಂದ’ ಎಂಬ ಸಾಲಿನಲ್ಲಿ ಕಾಣುವ ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದಾದ್ದರಿಂದ ಲೇಬಲ್ ಒಂದನ್ನೇ ನಂಬಿಯೂ ಕೂರಬಾರದು. ಜಿಮೇಲಿನಲ್ಲಿ ಪತ್ರವನ್ನು ತೆರೆದು ಮೂರು ಚುಕ್ಕಿಗಳ ಮೆನುವಿನಲ್ಲಿ ‘ಶೋ ಒರಿಜಿನಲ್’ ಒತ್ತಿದರೆ ಮೇಲ್ಭಾಗದಲ್ಲೇ ಮೂರು ಸಾಲುಗಳು ಕಾಣುತ್ತವೆ. ಈ ಸರ್ವರಿಗೆ ಆ ಡೊಮೇನಿನ ಪರವಾಗಿ ಪತ್ರ ಕಳುಹಿಸುವ ಅನುಮತಿ ಇದೆಯೇ ಎಂಬುದನ್ನು ಎಸ್‌ಪಿಎಫ್ ಹೇಳುತ್ತದೆ. ಪತ್ರಕ್ಕೆ ಡೊಮೇನಿನ ಡಿಜಿಟಲ್ ಸಹಿ ಇದೆಯೇ, ಸಹಿಯಾದ ಮೇಲೆ ಪತ್ರ ಬದಲಾಗಿಲ್ಲವೇ ಎಂಬುದನ್ನು ಡಿಕಿಮ್ ಹೇಳುತ್ತದೆ. ಅವೆರಡರಲ್ಲಿ ಒಂದಾದರೂ ನಮ್ಮ ಕಣ್ಣಿಗೆ ಕಾಣುವ ವಿಳಾಸದ ಡೊಮೇನಿಗೆ ಹೊಂದುತ್ತದೆಯೇ ಎಂಬುದನ್ನು ಡಿಮಾರ್ಕ್ ಹೇಳುತ್ತದೆ. ಡಿಮಾರ್ಕ್ ಎದುರಿಗೆ ‘ಫೇಲ್’ ಎಂದಿದ್ದರೆ ಬ್ಯಾಂಕಿನ ಪತ್ರವೆಂದು ನಂಬಲೇಬೇಡಿ. ‘ಪಾಸ್’ ಎಂದಿದ್ದರೆ ಆ ಡೊಮೇನಿನಿಂದ ಬಂದದ್ದು ನಿಜ ಎಂದಷ್ಟೇ ಅರ್ಥ. ಮೋಸಗಾರನೂ ಸ್ವಂತ ಡೊಮೇನು ಕೊಂಡು ಮೂರೂ ಪರೀಕ್ಷೆಗಳಲ್ಲಿ ಪಾಸಾಗಬಲ್ಲ. ‘ಇಂದ’ ಸಾಲನ್ನು ಯಾರು ಬೇಕಾದರೂ ಬರೆಯಬಹುದು ಎಂಬ ಕಾರಣಕ್ಕೇ, ನಿಮ್ಮ ಸ್ವಂತ ಸಂಸ್ಥೆಯ ಡೊಮೇನನ್ನು ‘ಸುರಕ್ಷಿತರ ಪಟ್ಟಿ’ಗೆ ಸೇರಿಸಬೇಡಿ. ನಿಮ್ಮದೇ ವಿಳಾಸವನ್ನು ಹೊತ್ತು ಬರುವ ನಕಲಿ ಪತ್ರಕ್ಕೆ ಅದು ನೇರ ದಾರಿಯಾಗುತ್ತದೆ.

ಕಲಿಯುವ ಫಿಲ್ಟರ್: ಥಂಡರ್‌ಬರ್ಡ್

2002ರಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧವೊಂದು ಬೇಯ್ಸ್ ಸಂಭವನೀಯತೆಯ ಸೂತ್ರದಿಂದ ಸ್ಪ್ಯಾಮನ್ನು ಗುರುತಿಸುವ ವಿಧಾನವನ್ನು ಜನಪ್ರಿಯಗೊಳಿಸಿತು. ಯಾವ ಪದ ನಿಮ್ಮ ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬರುತ್ತದೆ, ಸ್ಪ್ಯಾಮಿನಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿಟ್ಟುಕೊಂಡು, ಹೊಸ ಪತ್ರ ಬಂದಾಗ ಅದರ ಪದಗಳ ಒಟ್ಟು ಒಲವನ್ನು ಲೆಕ್ಕ ಹಾಕುವುದು ಇದರ ರೀತಿ. ಥಂಡರ್‌ಬರ್ಡ್ ತಂತ್ರಾಂಶದಲ್ಲಿರುವ ಜಂಕ್ ಫಿಲ್ಟರ್ ಈ ಬಗೆಯದು. ಇದಕ್ಕೆ ಕನ್ನಡ ಬರಬೇಕಾಗಿಲ್ಲ ಎಂಬುದು ನಮಗೆ ದೊಡ್ಡ ಅನುಕೂಲ: ನಿಮ್ಮ ಪತ್ರಗಳು ಯಾವ ಭಾಷೆಯಲ್ಲಿವೆಯೋ ಆ ಭಾಷೆಯ ಪದಗಳನ್ನೇ ಅದು ಎಣಿಸುತ್ತದೆ. ‘ಹಸ್ತಪ್ರತಿ’, ‘ಹಸ್ತಪ್ರತಿಯ’, ‘ಹಸ್ತಪ್ರತಿಗೆ’ ಮೂರೂ ಅದರ ಲೆಕ್ಕದಲ್ಲಿ ಬೇರೆ ಪದಗಳಾಗಿರುವುದರಿಂದ ಕಲಿಕೆಗೆ ಸ್ವಲ್ಪ ಹೆಚ್ಚು ಪತ್ರಗಳು ಬೇಕಾಗುತ್ತವೆ, ಅಷ್ಟೆ.

ಇಲ್ಲಿ ಕೆಡುವುದು ಕಲಿಸುವ ಕ್ರಮದಲ್ಲಿ. ಜಂಕನ್ನು ಜಂಕ್ ಎಂದು ಗುರುತಿಸುವವರು ಒಳ್ಳೆಯದನ್ನು ಒಳ್ಳೆಯದೆಂದು ಹೇಳಿಕೊಡುವುದನ್ನು ಮರೆಯುತ್ತಾರೆ. ಒಂದೇ ಬದಿಯ ಪಾಠ ಕಲಿತ ಫಿಲ್ಟರ್ ಎಲ್ಲವನ್ನೂ ಅನುಮಾನಿಸತೊಡಗುತ್ತದೆ. ಎರಡೂ ಬಗೆಯ ಪತ್ರಗಳನ್ನು ಸರಿಸುಮಾರು ಸಮನಾಗಿ ತೋರಿಸಿ. ಈ ಕಲಿಕೆಯೆಲ್ಲ ಆ ಒಂದು ಕಂಪ್ಯೂಟರಿನ ಕಡತದಲ್ಲಿ ಕೂತಿರುತ್ತದೆ. ಕಂಪ್ಯೂಟರ್ ಬದಲಿಸುವಾಗ ಪ್ರೊಫೈಲ್ ಫೋಲ್ಡರನ್ನು ಜೊತೆಗೆ ಒಯ್ಯದಿದ್ದರೆ ಪಾಠ ಮೊದಲಿನಿಂದ ಶುರು. ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ ಈ ಫಿಲ್ಟರ್ ಕೆಲಸ ಮಾಡುವುದರಿಂದ ಪತ್ರಗಳನ್ನು ಮುಖ್ಯವಾಗಿ ಫೋನಿನಲ್ಲೇ ಓದುವವರಿಗೆ ಇದು ಹೊಂದುವುದಿಲ್ಲ. ದಿನವಿಡೀ ಮೇಜಿನ ಮುಂದೆ ಕುಳಿತು, ಬೇರೆ ಬೇರೆ ಖಾತೆಗಳ ಅಂಚೆಯನ್ನು ಒಂದೇ ಕಡೆ ಓದುವ ಸಂಪಾದಕರಿಗೆ, ವಕೀಲರಿಗೆ, ಲೆಕ್ಕಪರಿಶೋಧಕರಿಗೆ ಇದು ಬಹಳ ಒಳ್ಳೆಯ ಆಯ್ಕೆ.

ವಿಳಾಸವನ್ನೇ ಮರೆಮಾಡುವುದು

ಸ್ಪ್ಯಾಮ್ ಬಂದ ಮೇಲೆ ಸೋಸುವ ಬದಲು, ಅದು ಬರುವ ದಾರಿಯನ್ನೇ ಕಡಿದುಹಾಕುವ ಕ್ರಮವೂ ಇದೆ. ಜಿಮೇಲಿನಲ್ಲಿ ನಿಮ್ಮ ಹೆಸರಿನ ನಂತರ ಪ್ಲಸ್ ಚಿಹ್ನೆ ಹಾಕಿ ಅಂಗಡಿಯ ಹೆಸರನ್ನು ಸೇರಿಸಿ ಕೊಟ್ಟರೂ ಪತ್ರ ನಿಮಗೇ ಬರುತ್ತದೆ, ಯಾರಿಗೆ ಕೊಟ್ಟ ವಿಳಾಸ ಸೋರಿತು ಎಂಬುದೂ ತಿಳಿಯುತ್ತದೆ. ಆದರೆ ಕೆಲವು ಜಾಲತಾಣಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ, ಮತ್ತು ಆ ಬಾಲವನ್ನು ಕತ್ತರಿಸಿ ಮೂಲ ವಿಳಾಸವನ್ನು ತೆಗೆಯುವುದು ಯಾರಿಗೂ ಕಷ್ಟವಲ್ಲ. ಫೈರ್‌ಫಾಕ್ಸ್ ರಿಲೇ, ಡಕ್‌ಡಕ್‌ಗೋ, ಸಿಂಪಲ್‌ಲಾಗಿನ್, ಆ್ಯಪಲ್ ಕಂಪನಿಯ ‘ಹೈಡ್ ಮೈ ಇಮೇಲ್’ ಮೊದಲಾದವು ಕೊಡುವ ಮರೆಯ ವಿಳಾಸಗಳು ಇದಕ್ಕಿಂತ ಭದ್ರ. ಒಂದು ವಿಳಾಸಕ್ಕೆ ಕಸ ಬರತೊಡಗಿದರೆ ಅದೊಂದನ್ನೇ ನಿಲ್ಲಿಸಿಬಿಡಬಹುದು.

ಬಟ್ಟೆಯಂಗಡಿಯ ಕೂಪನ್ನು, ಒಮ್ಮೆ ಬಳಸುವ ಆ್ಯಪು, ಕಾರ್ಯಕ್ರಮದ ನೋಂದಣಿ ಇವಕ್ಕೆಲ್ಲ ಮರೆಯ ವಿಳಾಸವನ್ನು ಧಾರಾಳವಾಗಿ ಕೊಡಿ. ಬ್ಯಾಂಕು, ಆದಾಯ ತೆರಿಗೆ, ಆಧಾರ್, ಪಾಸ್‌ಪೋರ್ಟ್, ಮಕ್ಕಳ ಶಾಲೆ ಇವಕ್ಕೆ ಮಾತ್ರ ಕೊಡಲೇಬೇಡಿ. ನಡುವಿನ ಸೇವೆ ಮುಚ್ಚಿಹೋದರೆ ಅಥವಾ ಒಂದು ಗಂಟೆ ಕೆಟ್ಟು ನಿಂತರೂ ಒಟಿಪಿ ನಿಮ್ಮನ್ನು ತಲುಪುವುದಿಲ್ಲ.

ಬೇಡವೆನ್ನಬಹುದಾದ ಎರಡು

ನಿಮ್ಮ ಖಾತೆಯೊಳಗೆ ಹೊಕ್ಕು ಜಾಹೀರಾತು ಚಂದಾಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕುತ್ತೇವೆ ಎನ್ನುವ ಉಚಿತ ಆ್ಯಪುಗಳಿಗೆ ಇಡೀ ಅಂಚೆಯನ್ನು ಓದುವ ಅನುಮತಿ ಕೊಡಬೇಕಾಗುತ್ತದೆ. ಅನ್‌ರೋಲ್ ಮಿ ಎಂಬ ಇಂಥದೊಂದು ಸೇವೆ, ಬಳಕೆದಾರರ ಪತ್ರಗಳನ್ನು ತಾನು ಹೇಗೆ ನೋಡುತ್ತೇನೆ, ಬಳಸುತ್ತೇನೆ ಎಂಬ ಬಗ್ಗೆ ಅವರನ್ನು ದಾರಿತಪ್ಪಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2019ರಲ್ಲಿ ಅದರೊಡನೆ ಇತ್ಯರ್ಥ ಮಾಡಿಕೊಂಡಿತು. ಅನ್‌ಸಬ್‌ಸ್ಕ್ರೈಬ್ ಗುಂಡಿ ಇಮೇಲ್ ಸೇವೆಯಲ್ಲೇ ಇರುವಾಗ ಮನೆಯ ಕೀಲಿಕೈಯನ್ನು ಇನ್ನೊಬ್ಬರ ಕೈಗೆ ಕೊಡುವ ಅಗತ್ಯವಿಲ್ಲ.

ಇನ್ನೊಂದು, ಹೊಸಬರು ಪತ್ರ ಬರೆದಾಗ ‘ನೀವು ಮನುಷ್ಯರೆಂದು ಖಚಿತಪಡಿಸಿ’ ಎಂದು ಮರುಪತ್ರ ಕಳುಹಿಸುವ ವ್ಯವಸ್ಥೆ. ರೈಲ್ವೆ ಟಿಕೆಟ್, ಆಸ್ಪತ್ರೆಯ ವರದಿ, ವಿಶ್ವವಿದ್ಯಾಲಯದ ಸೂಚನೆ ಇವನ್ನು ಕಳುಹಿಸುವ ಯಂತ್ರಗಳು ಅದಕ್ಕೆ ಉತ್ತರಿಸುವುದಿಲ್ಲ. ನಕಲಿ ವಿಳಾಸ ಹೊತ್ತು ಬಂದ ಸ್ಪ್ಯಾಮಿಗೆ ಹೋಗುವ ಮರುಪತ್ರವಂತೂ ಸಂಬಂಧವೇ ಇಲ್ಲದ ಮೂರನೆಯವರಿಗೆ ಹೊಸ ಕಸವಾಗಿ ಸೇರುತ್ತದೆ.

ಸ್ವಂತ ಡೊಮೇನು ಇರುವವರಿಗೆ

ಸಣ್ಣ ಪ್ರಕಾಶನ, ಸಹಕಾರಿ ಸಂಘ, ಶಾಲೆ, ಅಂಗಡಿಗಳು ಸಾಮಾನ್ಯವಾಗಿ ವೆಬ್ ಹೋಸ್ಟಿಂಗ್ ಜೊತೆಗೇ ಬರುವ ಇಮೇಲ್ ಬಳಸುತ್ತವೆ. ಹೋಸ್ಟಿಂಗನ್ನು ನಿರ್ವಹಿಸುವ ಸಿಪ್ಯಾನೆಲ್ ತಂತ್ರಾಂಶ ಇರುವ ಕಡೆ ಅಲ್ಲಿನ ಸ್ಪ್ಯಾಮ್ ಫಿಲ್ಟರ್ ಎಂದರೆ ಸ್ಪ್ಯಾಮ್ ಅಸಾಸಿನ್. 2001ರಲ್ಲಿ ಜಸ್ಟಿನ್ ಮೇಸನ್ ಶುರುಮಾಡಿದ ಈ ತಂತ್ರಾಂಶ ಪ್ರತಿ ಲಕ್ಷಣಕ್ಕೂ ಅಂಕ ಕೊಟ್ಟು ಕೂಡಿಸುತ್ತದೆ. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್. ಪತ್ರದ ಶಿರೋಭಾಗದಲ್ಲಿ ಯಾವ ಯಾವ ನಿಯಮಗಳು ತಗುಲಿದವು, ಒಟ್ಟು ಅಂಕ ಎಷ್ಟು ಎಂಬುದೆಲ್ಲ ಬರೆದಿರುವುದರಿಂದ ಒಳ್ಳೆಯ ಪತ್ರ ಏಕೆ ಸಿಕ್ಕಿಬಿತ್ತು ಎಂಬುದನ್ನು ಓದಿ ತಿಳಿಯಬಹುದು. ಈ ಪಾರದರ್ಶಕತೆಯಿಂದಾಗಿಯೇ ನನಗೆ ಇದರ ಮೇಲೆ ಗೌರವ. ಅದರ ಪದನಿಯಮಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡ ಪತ್ರಗಳ ಮಟ್ಟಿಗೆ ಅದರ ಬೇಯ್ಸ್ ಭಾಗವನ್ನೇ ನೆಚ್ಚಬೇಕು, ಮತ್ತು ಆ ಭಾಗ ಕೆಲಸ ಆರಂಭಿಸಲು ಕನಿಷ್ಠ 200 ಸ್ಪ್ಯಾಮ್, 200 ಒಳ್ಳೆಯ ಪತ್ರಗಳ ಕಲಿಕೆ ಬೇಕು. ಸಿಪ್ಯಾನೆಲ್‌ನಲ್ಲಿರುವ ‘ಸ್ಪ್ಯಾಮನ್ನು ತಾನಾಗಿ ಅಳಿಸು’ ಎಂಬ ಆಯ್ಕೆಯನ್ನು ಚಾಲೂ ಮಾಡಬೇಡಿ. ಅದರ ಬದಲು ‘ಸ್ಪ್ಯಾಮ್ ಬಾಕ್ಸ್’ ಚಾಲೂ ಮಾಡಿ, ವಾರಕ್ಕೊಮ್ಮೆ ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಸಂಸ್ಥೆಗಳಲ್ಲಿ ಎಲ್ಲರ ಹೊಣೆ ಎಂದರೆ ಯಾರೂ ನೋಡುವುದಿಲ್ಲ.

ಸರ್ವರನ್ನೇ ಸ್ವಂತವಾಗಿ ನಡೆಸುವವರು ಆರ್‌ಸ್ಪ್ಯಾಮ್‌ಡಿಯನ್ನು ನೋಡಬೇಕು. ಸ್ಪ್ಯಾಮ್ ಅಸಾಸಿನ್ ಪರ್ಲ್ ಭಾಷೆಯಲ್ಲಿದ್ದರೆ ಇದರ ತಿರುಳು ಸಿ ಭಾಷೆಯಲ್ಲಿದೆ. ಅಂಚೆ ಹೆಚ್ಚಿದ್ದಾಗ ವೇಗದ ವ್ಯತ್ಯಾಸ ಎದ್ದು ಕಾಣುತ್ತದೆ. ಡಿಕಿಮ್ ಸಹಿ, ಬ್ರೌಸರಿನಲ್ಲೇ ಅಂಕಿಅಂಶ ತೋರಿಸುವ ಪುಟ ಎಲ್ಲವೂ ಜೊತೆಗೇ ಇವೆ. ಒಂದೇ ಗಡಿಯ ಬದಲು ಇದು ಹಂತಗಳನ್ನು ಇಟ್ಟುಕೊಂಡಿದೆ: ಮೂಲ ಹೊಂದಿಕೆಯಲ್ಲಿ 4 ಅಂಕಕ್ಕೆ ಗ್ರೇಲಿಸ್ಟಿಂಗ್, 6ಕ್ಕೆ ಸ್ಪ್ಯಾಮ್ ಎಂಬ ಗುರುತು, 15ಕ್ಕೆ ತಿರಸ್ಕಾರ. ತಿರಸ್ಕರಿಸಿದಾಗ ಕಳುಹಿಸಿದವರಿಗೆ ಪತ್ರ ತಲುಪಿಲ್ಲವೆಂಬ ಸೂಚನೆ ಹೋಗುತ್ತದೆ, ಆದ್ದರಿಂದ ನಿಜವಾದ ಮನುಷ್ಯರಾದರೆ ಫೋನು ಮಾಡಿಯಾದರೂ ಕೇಳುತ್ತಾರೆ. ಯಾರೂ ತೆರೆಯದ ಫೋಲ್ಡರಿನಲ್ಲಿ ಹೂತುಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಗ್ರೇಲಿಸ್ಟಿಂಗ್ ಎಂದರೆ ಅಪರಿಚಿತ ಸರ್ವರಿಗೆ ‘ಸ್ವಲ್ಪ ಹೊತ್ತು ಬಿಟ್ಟು ಬಾ’ ಎಂದು ತಾತ್ಕಾಲಿಕವಾಗಿ ಹಿಂದೆ ಕಳುಹಿಸುವುದು. 2003ರಲ್ಲಿ ಇವಾನ್ ಹ್ಯಾರಿಸ್ ಮುಂದಿಟ್ಟ ಈ ಉಪಾಯದಲ್ಲಿ ನಿಜವಾದ ಅಂಚೆ ಸರ್ವರು ಮತ್ತೆ ಬರುತ್ತದೆ, ಅವಸರದ ಸ್ಪ್ಯಾಮ್ ಯಂತ್ರ ಬರುವುದಿಲ್ಲ. ಹತ್ತು ನಿಮಿಷದಲ್ಲಿ ಅವಧಿ ಮುಗಿಯುವ ಒಟಿಪಿಗಳು ತಡವಾಗುವುದು ಇದರ ಬೆಲೆ. ಸಿಬ್ಬಂದಿ ಅದೇ ವಿಳಾಸದಿಂದ ಜಿಎಸ್‌ಟಿ ಅಥವಾ ಬ್ಯಾಂಕ್ ಕೆಲಸ ಮಾಡುತ್ತಿದ್ದರೆ ಆ ಡೊಮೇನುಗಳಿಗೆ ವಿನಾಯಿತಿ ಬರೆದಿಡಿ.

ಕೊನೆಯದಾಗಿ, ಸ್ಪ್ಯಾಮ್‌ಹಾಸ್ ಮೊದಲಾದ ಸಂಸ್ಥೆಗಳು ಇಟ್ಟಿರುವ, ಸ್ಪ್ಯಾಮ್ ಕಳುಹಿಸುವ ಸರ್ವರುಗಳ ವಿಳಾಸಗಳ ಕಪ್ಪುಪಟ್ಟಿಗಳು. 1998ರಿಂದ ನಡೆದುಬಂದ ಸ್ಪ್ಯಾಮ್‌ಹಾಸ್ ಪಟ್ಟಿ ಬಹಳ ಪರಿಣಾಮಕಾರಿ, ಸಣ್ಣ ಬಳಕೆಗೆ ಉಚಿತ ಕೂಡ. ಆದರೆ ಗೂಗಲ್‌ನಂಥವರ ಸಾರ್ವಜನಿಕ ಡಿಎನ್‌ಎಸ್ (ಡೊಮೇನಿನ ಹೆಸರುಗಳಿಗೆ ಉತ್ತರ ಹುಡುಕಿಕೊಡುವ ವ್ಯವಸ್ಥೆ) ಮೂಲಕ ಕೇಳಿದರೆ ಅದು ಪಟ್ಟಿಯ ಉತ್ತರ ಕೊಡುವುದಿಲ್ಲ, ಒಂದು ದೋಷಸಂಕೇತವನ್ನು ಮರಳಿಸುತ್ತದೆ. ಬಂದ ಉತ್ತರ ಏನೇ ಆಗಿರಲಿ, ವಿಳಾಸ ಪಟ್ಟಿಯಲ್ಲಿದೆ ಎಂದೇ ಓದಿಕೊಳ್ಳುವಂತೆ ಹೊಂದಿಸಿದ ಸರ್ವರು ಆ ಸಂಕೇತವನ್ನು ಕಂಡು ಬರುವ ಪತ್ರಗಳನ್ನೆಲ್ಲ ತಿರಸ್ಕರಿಸುತ್ತದೆ. ಪಟ್ಟಿಯನ್ನು ಜೋಡಿಸುವ ಮೊದಲು ನಿಮ್ಮದೇ ಡಿಎನ್‌ಎಸ್ ರಿಸಾಲ್ವರನ್ನು (ಇಂಥ ಪ್ರಶ್ನೆಗಳನ್ನು ನೇರವಾಗಿ ಕೇಳುವ ತಂತ್ರಾಂಶವನ್ನು) ಸ್ಥಾಪಿಸಿಕೊಳ್ಳಿ, ಜೋಡಿಸಿದ ದಿನ ಹೊರಗಿನ ಎರಡು ಮೂರು ಖಾತೆಗಳಿಂದ ಪತ್ರ ಬರೆದು ನೋಡಿ, ಮುಂದಿನ ಒಂದು ವಾರ ತಿರಸ್ಕೃತ ಪತ್ರಗಳ ಲಾಗನ್ನು ದಿನವೂ ಓದಿ.